ಚಿಗಟೇರಿ ಸೀಮೆಯ ಮಕ್ಕಳಿಗೆ ಕಾದಂಬರಿ ಆರಿಸಿಕೊಟ್ಟವರು

ಅಕ್ಷರ ಕೂಡಿಸಿ ಓದುವ ಹಂತವನ್ನು ದಾಟಿದ, ಆದರೆ ದೊಡ್ಡವರ ಕಾದಂಬರಿಗೆ ಇನ್ನೂ ಕೈಹಾಕದ, ಸುಮಾರು ಎಂಟರಿಂದ ಹದಿಮೂರು ವರ್ಷದ ಓದುಗರಿಗಾಗಿ ಬರೆದ ದೀರ್ಘ ಕಥನವನ್ನು ಕನ್ನಡದಲ್ಲಿ ಮಕ್ಕಳ ಕಾದಂಬರಿ ಎಂದು ಕರೆಯುವುದು ರೂಢಿ. ಈ ಪ್ರಕಾರದ ಚರಿತ್ರೆಯನ್ನು ಸಾಮಾನ್ಯವಾಗಿ ಲೇಖಕರ ಮತ್ತು ಕೃತಿಗಳ ಸಾಲಾಗಿ ಹೇಳಲಾಗುತ್ತದೆ. ಹರಪನಹಳ್ಳಿ ತಾಲೂಕಿನ ಹೋಬಳಿ ಕೇಂದ್ರವಾದ ಚಿಗಟೇರಿಯಂಥ ಊರಿನಲ್ಲಿ ನಿಂತು ನೋಡಿದರೆ ಮುಖ್ಯವಾಗುವ ಪ್ರಶ್ನೆ ಬೇರೆ: ಇಂಥ ಪುಸ್ತಕ ಮಗುವಿನ ಕೈ ಸೇರಲಿ ಎಂದು ಆಯಾ ಕಾಲದಲ್ಲಿ ತೀರ್ಮಾನಿಸಿದವರು ಯಾರು?

ಅಚ್ಚಾದ ಪುಸ್ತಕ ಬರುವುದಕ್ಕೆ ಮೊದಲೂ ಈ ಸೀಮೆಯ ಮಕ್ಕಳಿಗೆ ದೀರ್ಘ ಕಥೆಯ ಬರವಿರಲಿಲ್ಲ. ರಾತ್ರಿಯಿಡೀ ನಡೆಯುವ ಬಯಲಾಟಗಳಲ್ಲಿಯೂ ಕಂಪಿಲಿಯ ಕುಮಾರರಾಮನನ್ನು ಕುರಿತ ಹಾಡುಗತೆಗಳಲ್ಲಿಯೂ ಹಲವು ಪಾತ್ರಗಳು, ಹಲವು ತಿರುವುಗಳು ಇರುವ ಕಥನವನ್ನು ಮಕ್ಕಳು ದೊಡ್ಡವರ ಪಕ್ಕದಲ್ಲಿಯೇ ಕುಳಿತು ಕೇಳುತ್ತಿದ್ದರು. ಮಕ್ಕಳಿಗೆ ಇಷ್ಟು ಸಾಕು ಎಂದು ಅದನ್ನು ತುಂಡರಿಸಿ ಕೊಡುವ ಪದ್ಧತಿ ಆಗ ಇರಲಿಲ್ಲ.

ತುಂಡರಿಸುವ ಪದ್ಧತಿ ಬಂದದ್ದು ಶಾಲೆಯೊಂದಿಗೆ. 1800ರಿಂದ 1953ರವರೆಗೆ ಬಳ್ಳಾರಿ ಸೀಮೆ ಮದ್ರಾಸ್ ಆಡಳಿತದಲ್ಲಿತ್ತು, ದಕ್ಷಿಣ ಕನ್ನಡವೂ ಅದೇ ಆಡಳಿತಕ್ಕೆ ಸೇರಿತ್ತು. ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ತೆರೆದ ಮಂಗಳೂರು, ಮದ್ರಾಸ್ ಪ್ರಾಂತ್ಯದ ಕನ್ನಡ ಪಠ್ಯಪುಸ್ತಕಗಳ ಮುಖ್ಯ ನೆಲೆಯಾಯಿತು. ಮಕ್ಕಳಿಗೆ ತಕ್ಕ ಪುಸ್ತಕವನ್ನು ಒಪ್ಪುವ ಅಧಿಕಾರ ಪಠ್ಯಪುಸ್ತಕ ಸಮಿತಿಯದಾಗಿತ್ತು. ಸಮಿತಿಯ ಅಂಗೀಕಾರವೇ ಆ ಕಾಲದ ಶಿಫಾರಸು. ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು (1874–1937) ಬಾಲ ಸಾಹಿತ್ಯ ಮಂಡಲದ ಮೂಲಕ ಮಾಡಿದ ಕೆಲಸ ಇಂದಿಗೂ ತಲೆಬಾಗಿಸುವಂಥದ್ದು. ಆದರೆ ಆ ವ್ಯವಸ್ಥೆಯಲ್ಲಿ ಬೆಳೆದದ್ದು ಒಂದು ಗಂಟೆಯ ಪಾಠಕ್ಕೆ ಹೊಂದುವ ಕಿರುಗತೆ ಮತ್ತು ಶಿಶುಗೀತೆ. ವಾರಗಟ್ಟಲೆ ಓದಬೇಕಾದ ಕಾದಂಬರಿಗೆ ಅಲ್ಲಿ ಜಾಗವೇ ಇರಲಿಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ‘ಬಾಲಪ್ರಪಂಚ’ ತರಗತಿಯ ಗೋಡೆಯನ್ನು ದಾಟಿತಾದರೂ ಅದು ಅರಿವಿನ ಕೋಶ, ಕಥನವಲ್ಲ.

ಆ ಕೊರತೆಯನ್ನು ತುಂಬಿದ್ದು ಮದ್ರಾಸಿನಿಂದಲೇ ಬಂದ ಒಂದು ಮಾಸಪತ್ರಿಕೆ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೂ ಬಂದಿತು. ಅದರ ಬೇತಾಳ ಕಥೆಗಳನ್ನು ಎಲ್ಲರೂ ನೆನೆಯುತ್ತಾರೆ. ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ತಿಂಗಳಿಂದ ತಿಂಗಳಿಗೆ ಹರಿಯುತ್ತಿದ್ದ ಧಾರಾವಾಹಿ. ದಾಸರಿ ಸುಬ್ರಹ್ಮಣ್ಯಂ ಅವರು ತೆಲುಗಿನಲ್ಲಿ ಬರೆದು, ‘ಚಿತ್ರಾ’ ಎಂಬ ಹೆಸರಿನ ಕಲಾವಿದರು ಚಿತ್ರ ಬಿಡಿಸಿ, ಬೇರೆ ಭಾಷೆಗಳಿಗೂ ಹೋದ ಆ ಸಾಹಸಕಥೆಗಳು ಹೆಸರಿಲ್ಲದೆಯೇ ಕನ್ನಡ ಮಕ್ಕಳ ಕಾದಂಬರಿಗಳಾಗಿದ್ದವು. ಇಲ್ಲಿ ಶಿಫಾರಸು ಮಾಡಲು ಸಮಿತಿ ಬೇಕಾಗಿರಲಿಲ್ಲ, ಒಂದು ಮಗು ಓದಿ ಇನ್ನೊಂದಕ್ಕೆ ಕೊಟ್ಟರೆ ಸಾಕಾಗಿತ್ತು. ಮಕ್ಕಳಿಗೆ ದೀರ್ಘ ಓದು ಒಗ್ಗದು ಎಂಬ ಹಿರಿಯರ ನಂಬಿಕೆಗೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ.

ಗ್ರಂಥಾಲಯದ ಕಥೆ ನಿಧಾನವಾದದ್ದು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಸೂತ್ರಗಳಲ್ಲಿ ಓದುಗನಿಗೆ ತಕ್ಕ ಪುಸ್ತಕವನ್ನೂ ಪುಸ್ತಕಕ್ಕೆ ತಕ್ಕ ಓದುಗನನ್ನೂ ಹುಡುಕಿಕೊಡುವುದು ಗ್ರಂಥಪಾಲಕನ ಹೊಣೆಯಾಗಿತ್ತು. ಅಮೆರಿಕದಲ್ಲಿ ಈ ಹೊಣೆ 1922ರಷ್ಟು ಹಿಂದೆಯೇ ರೂಪ ಪಡೆದಿತ್ತು. ಆ ವರ್ಷದಿಂದ ಕೊಡುತ್ತಿರುವ, ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕಕ್ಕೆ ಕೃತಿಯನ್ನು ಆರಿಸುವವರು ಗ್ರಂಥಪಾಲಕರೇ. ನಮ್ಮಲ್ಲಿ 1948ರ ಮದ್ರಾಸ್ ಕಾಯ್ದೆಯೂ 1965ರ ಮೈಸೂರು ಕಾಯ್ದೆಯೂ ಕಟ್ಟಡಕ್ಕೆ, ಕರಕ್ಕೆ, ಆಡಳಿತಕ್ಕೆ ದಾರಿ ಮಾಡಿದವು. ಪುಸ್ತಕದ ಆಯ್ಕೆ ಮಾತ್ರ ಸಗಟು ಖರೀದಿಯ, ಅಂದರೆ ಒಂದೇ ಶೀರ್ಷಿಕೆಯ ಪ್ರತಿಗಳನ್ನು ರಾಜ್ಯಮಟ್ಟದಲ್ಲಿ ಕೊಂಡು ಜಿಲ್ಲೆಗಳಿಗೆ ಹಂಚುವ ಕ್ರಮಕ್ಕೆ ಸೇರಿತು. ಇತ್ತ ಪುಸ್ತಕ ಪಡೆಯಬೇಕಾದ ಜಿಲ್ಲೆಯೇ ಬದಲಾಗುತ್ತಾ ಹೋಯಿತು: ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

ಇದೇ ಅವಧಿಯಲ್ಲಿ ಕನ್ನಡದ ಮಕ್ಕಳ ಕಾದಂಬರಿ ಹುಲುಸಾಗಿ ಬೆಳೆಯಿತು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಆರಂಭಿಸಿದ ಬಾಲಸಾಹಿತ್ಯ ಪುರಸ್ಕಾರ 2019ರಿಂದ 2023ರವರೆಗೆ ಕನ್ನಡದಲ್ಲಿ ಸತತವಾಗಿ ಕಾದಂಬರಿಗಳಿಗೇ ಸಂದಿತು: ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್.ಎಸ್. ಬ್ಯಾಕೋಡ ಅವರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಬೀಗಾರ, ಹಾಲಾಡಿಯವರಂತೆ ಇಂದು ಮಕ್ಕಳಿಗಾಗಿ ಬರೆಯುವ ಹಲವರು ಶಾಲೆಯಲ್ಲಿ ದಿನವೂ ಮಕ್ಕಳೊಡನೆ ಬೆರೆತವರು. ಬಳ್ಳಾರಿ ಸೀಮೆಯವರೇ ಆದ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಕಥಾಸಂಕಲನಕ್ಕೆ 2025ರಲ್ಲಿ ಇದೇ ಪುರಸ್ಕಾರ ದೊರೆತದ್ದು ಈ ಭಾಗಕ್ಕೆ ಹೆಮ್ಮೆಯ ಸಂಗತಿ.

ಈ ಸೀಮೆಗೆ ಅತ್ಯಂತ ಹತ್ತಿರದ ಕೃತಿ ಮಾತ್ರ ಬಂದದ್ದು ದೂರದ ಸಾಗರ ಪಟ್ಟಣದಿಂದ. ಶರಾವತಿಯ ಮುಳುಗಡೆಯನ್ನು ತಮ್ಮ ಬರವಣಿಗೆಯ ಮುಖ್ಯ ವಸ್ತುವಾಗಿಸಿಕೊಂಡ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರ ಪುರಸ್ಕಾರ ಸಂದಿತು. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ನದಿದಂಡೆಯ ಹಳ್ಳಿಗಳನ್ನೂ ನುಂಗಿದೆ. ಅಲ್ಲಿಂದ ಎದ್ದು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಇಲ್ಲಿನ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಅಜ್ಜಂದಿರ ಊರು ನೀರಿನಡಿ ಇರುವ ಮಗುವಿಗೆ ಈ ಕಾದಂಬರಿ ಏನಾಗಬಲ್ಲದೆಂಬುದು ರಾಜಧಾನಿಯ ಆಯ್ಕೆ ಸಮಿತಿಗೆ ಹೊಳೆಯುವ ಸಂಗತಿಯಲ್ಲ. ಊರನ್ನೂ ಮಗುವನ್ನೂ ಪುಸ್ತಕವನ್ನೂ ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು.

ಅಂಥ ಬಲ್ಲವರು ಕೂರಬೇಕಾದ ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮುಂದೆ ಅರಿವು ಕೇಂದ್ರಗಳಾದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಸದಸ್ಯತ್ವದ ಚೀಟಿಯೊಂದೇ ಓದುಗನನ್ನು ಹುಟ್ಟಿಸುವುದಿಲ್ಲ. ಆದ್ದರಿಂದ ಚಿಗಟೇರಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಕೇಂದ್ರಗಳ ಮೇಲ್ವಿಚಾರಕರು ಮೇಲೆ ಹೆಸರಿಸಿದ ಕಾದಂಬರಿಗಳನ್ನು ತರಿಸಿ, ಮೊದಲು ತಾವು ಓದಿ, ಆಮೇಲೆ ಯಾವುದು ಯಾವ ಮಗುವಿಗೆ ಎಂದು ಆರಿಸಿ ಕೈಗಿಡಬೇಕು. ಪಂಚಾಯಿತಿಗಳು ಅದಕ್ಕೆ ಬೇಕಾದ ಹಣವನ್ನು ಪ್ರತಿವರ್ಷ ತೆಗೆದಿಡಬೇಕು.