ಬಿಪಿಯ ಮೇಲಿನ ಅಂಕಿಗೆ ಬೆಲೆ ಬಂದ ಕಥೆ

‘ಕೆಳಗಿಂದು ಎಂಬತ್ತೇ ಐತಲ್ರೀ, ಮೇಲಿಂದು ವಯಸ್ಸಿಗೆ ತಕ್ಕಂಗೆ ಏರೈತಿ ಬಿಡ್ರಿ.’ ದಾವಣಗೆರೆ, ಹರಿಹರದ ಕಡೆ 160/80 ಅಂತ ಬರೆದ ಚೀಟಿ ಹಿಡಿದ ಹಿರಿಯರು ಆಡುವ ಮಾತಿದು. ಇದನ್ನು ಹಳ್ಳಿಯವರು ಹುಟ್ಟಿಸಿದ್ದಲ್ಲ. ವಯಸ್ಸಿಗೆ ನೂರು ಕೂಡಿಸಿದಷ್ಟು ಬಿಪಿ ಇರಬಹುದು ಎಂದು ಒಂದು ಕಾಲಕ್ಕೆ ಡಾಕ್ಟರುಗಳೇ ಹೇಳುತ್ತಿದ್ದರು. ಆ ಲೆಕ್ಕ ತಪ್ಪು ಅಂತ ತಿಳಿಯಲು ಬಹಳ ವರ್ಷ ಹಿಡಿಯಿತು.

1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗೂ ಮೇಲೆ ಏರಿತ್ತು. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಸುತ್ತುವ ಪಟ್ಟಿ ಮತ್ತು ಪಾದರಸದ ಅಳತೆ ತಂದರು. ಅದರಲ್ಲಿ ನಾಡಿ ಹಿಡಿದು ನೋಡಿದರೆ ಮೇಲಿನ ಅಂಕಿಯಷ್ಟೇ ಸಿಗುತ್ತಿತ್ತು. 1905ರಲ್ಲಿ ರಷ್ಯಾದ ಡಾಕ್ಟರ್ ಕೊರೊಟ್ಕೋವ್ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಗಾಳಿ ಬಿಡುತ್ತಾ ಹೋದಂತೆ ಸದ್ದು ಶುರುವಾಗುವ ಅಂಕಿ ಮೇಲಿನದು, ಅಂದರೆ ಹೃದಯ ಹಿಂಡಿದಾಗಿನ ಒತ್ತಡ. ಸದ್ದು ನಿಲ್ಲುವ ಅಂಕಿ ಕೆಳಗಿನದು, ಹೃದಯ ಸಡಿಲಾದಾಗಿನ ಒತ್ತಡ.

ಎರಡೂ ಸಿಕ್ಕ ಮೇಲೆ ವೈದ್ಯರು ಕೆಳಗಿನದನ್ನೇ ಹೆಚ್ಚು ನಂಬಿದರು. 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದಾಗಲೂ ಜಗತ್ತಿನ ವೈದ್ಯಲೋಕದ ಕಣ್ಣು ಕೆಳಗಿನ ಅಂಕಿಯ ಮೇಲೇ ಇತ್ತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರ ಆರೋಗ್ಯವನ್ನು 1948ರಿಂದ ಗಮನಿಸುತ್ತಾ ಬಂದ ಸಂಶೋಧಕರು, ಮೇಲಿನ ಅಂಕಿಯೂ ಅಷ್ಟೇ ಅಪಾಯ ಎಂದು 1971ರಲ್ಲಿ ತೋರಿಸಿದರು. ಗಟ್ಟಿ ಉತ್ತರ ಸಿಕ್ಕಿದ್ದು 1991ರಲ್ಲಿ. ಅಮೆರಿಕದಲ್ಲೇ, ಮೇಲಿನದು ಮಾತ್ರ ಏರಿದ್ದ, 60 ದಾಟಿದ 4,736 ಜನರ ಮೇಲೆ ನಡೆದ ಅಧ್ಯಯನ ಅದು. ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಲಕ್ವ ಹೊಡೆಯುವುದು ಶೇ 36ರಷ್ಟು ಕಡಿಮೆಯಾಯಿತು.

ಕಾರಣ ಸರಳ. ಬಿಸಿಲಿಗೆ ಬಿದ್ದ ಹಳೇ ಪೈಪು ಗಡಸಾಗುವಂತೆ, ವಯಸ್ಸಾದಂತೆ ರಕ್ತನಾಳವೂ ಬಿರುಸಾಗುತ್ತದೆ. ಹೃದಯ ಹಿಂಡಿದಾಗ ಅದು ಹಿಗ್ಗುವುದಿಲ್ಲ. ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇದ್ದಲ್ಲೇ ಇರುತ್ತದೆ, ಇಲ್ಲವೇ ಇಳಿಯುತ್ತದೆ. ಹಾಗಾಗಿ 80 ಕಂಡು ಸಮಾಧಾನಪಡುವಂತಿಲ್ಲ.

ಬೇರೆ ಬೇರೆ ದಿನ ನೋಡಿಸಿದಾಗಲೂ ಮೇಲಿನದು 140 ಅಥವಾ ಹೆಚ್ಚಿದ್ದರೆ ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹೋಗಿ ಕೇಳಿ. ಮಂಡಕ್ಕಿ-ಮಿರ್ಚಿ ನಮ್ಮೂರ ಹೆಮ್ಮೆ, ಆದರೆ ಉಪ್ಪು ಅದರಲ್ಲೂ ಇದೆ, ಉಪ್ಪಿನಕಾಯಿಯಲ್ಲೂ ಇದೆ. ‘ಈಗ ನಾರ್ಮಲ್ ಐತಿ’ ಅಂತ ನೀವಾಗೇ ಮಾತ್ರೆ ಬಿಡಬೇಡಿ. ಅದು ನಾರ್ಮಲ್ ಇರುವುದು ಮಾತ್ರೆಯಿಂದಲೇ ಇರಬಹುದು.