ಶಿಲಾಶುದ್ಧಿಯೂ ಶಿಲಾರಕ್ಷಣೆಯೂ

ದೇವನಹಳ್ಳಿ ಸೀಮೆಯ ಆವತಿಯು ಸಣ್ಣ ಗ್ರಾಮವಾದರೂ ಚರಿತ್ರೆಯಲ್ಲಿ ಹಿರಿದಾದುದು. ಕಂಚಿಯ ಕಡೆಯಿಂದ ಬಂದ ರಣಭೈರೇಗೌಡನೂ ಅವನ ಬಂಧುಗಳೂ ಇಲ್ಲಿಯೇ ನೆಲೆನಿಂತರೆಂಬುದು ಪರಂಪರಾಗತವಾದ ಪ್ರತೀತಿ. ಆ ವಂಶದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದನು; ಹದಿನೆಂಟನೆಯ ಶತಮಾನದಲ್ಲಿ ಅದು ಕಲ್ಲಿನ ಕೋಟೆಯಾಯಿತು.

ಇಂತಹ ಸೀಮೆಯ ಪೂರ್ವವೃತ್ತಾಂತಕ್ಕೆ ಶಿಲೆಗಳೇ ಮುಖ್ಯ ಸಾಕ್ಷಿ. ಈ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು. ಶಾಸನದ ಪ್ರತಿ ತೆಗೆಯುವವರು ಮೊದಲು ನೀರಿನಿಂದಲೂ ಕುಂಚದಿಂದಲೂ ಕಲ್ಲನ್ನು ತೊಳೆದು, ನೆನೆದ ಕಾಗದವನ್ನು ಹೊದಿಸಿ ತಟ್ಟಿ, ಮೇಲೆ ಮಸಿಯನ್ನು ಒತ್ತುವರು. ಸುಣ್ಣ ತುಂಬಿದ ಅಕ್ಷರವನ್ನು ಓದುವುದು ಕಷ್ಟ; ಉಜ್ಜಿ ಸವೆಯಿಸಿದ ಅಕ್ಷರವಾದರೋ ಎಂದೆಂದಿಗೂ ಮರಳದು. ಆದುದರಿಂದ ಶುದ್ಧಿಗೊಳಿಸುವ ಉತ್ಸಾಹವೇ ನಾಶಕ್ಕೆ ಕಾರಣವಾಗದಂತೆ ಎಚ್ಚರವಿರತಕ್ಕದ್ದು.

ಭಾರತೀಯ ಪುರಾತತ್ತ್ವ ಇಲಾಖೆಯು 1917ರಲ್ಲಿ ರಸಾಯನಜ್ಞನೊಬ್ಬನನ್ನು ನೇಮಿಸಿದಂದಿನಿಂದ ಈ ಕಾರ್ಯವು ಶಾಸ್ತ್ರೀಯ ಮಾರ್ಗವನ್ನು ಹಿಡಿಯಿತು. ಅದರ ಮೊದಲ ನಿಯಮವು ಕಲ್ಲಿನ ಜಾತಿಯನ್ನು ಅರಿಯುವುದು. ಈ ಸೀಮೆಯ ಕಗ್ಗಲ್ಲು ಗಟ್ಟಿ. ಬೇಲೂರು ಹಳೇಬೀಡುಗಳ ಬಳಪದ ಕಲ್ಲು ಮೃದು. ಒಂದಕ್ಕೆ ಒಪ್ಪುವ ಉಪಾಯವು ಮತ್ತೊಂದಕ್ಕೆ ಘಾತಕವಾದೀತು. ಎರಡನೆಯದು, ಮರೆಯಾದ ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡುವುದು. ಪದರೆದ್ದ ಕಲ್ಲನ್ನೂ ಹಳೆಯ ಬಣ್ಣ ಉಳಿದ ಭಾಗವನ್ನೂ ತಜ್ಞರಿಲ್ಲದೆ ಮುಟ್ಟತಕ್ಕದ್ದಲ್ಲ.

ಧೂಳನ್ನು ಮೃದುವಾದ ಕುಂಚದಿಂದ ತೆಗೆದ ಬಳಿಕ ಶುದ್ಧೋದಕದಿಂದ ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು. ಹಾಗೆ ಮಾಡಿದರೆ ಇಳಿದ ಕೊಳೆಯು ಒಣಗಲ್ಲಿನಲ್ಲಿ ಗೆರೆಯಾಗಿ ಇಂಗುವುದಿಲ್ಲ. ಪಾಚಿ ಕಲ್ಲುಹೂಗಳಿಗೆ ನೀರು ಬೆರಸಿದ ತೆಳುವಾದ ಅಮೋನಿಯಾವನ್ನೂ ಸೌಮ್ಯವಾದ ಮಾರ್ಜಕವನ್ನೂ ಇಲಾಖೆಯವರು ಬಳಸುವರು. ಅನಂತರ ಅವುಗಳ ಲೇಶವೂ ಉಳಿಯದಂತೆ ತೊಳೆಯುವರು. ಕಲ್ಲಿನೊಳಗಿನ ಉಪ್ಪನ್ನು ಹೊರಗೆಳೆಯಲು ನೆನೆದ ಕಾಗದದ ಮುದ್ದೆಯನ್ನು ಮೆತ್ತಿ, ಒಣಗಿದ ಮೇಲೆ ತೆಗೆಯುವರು. ನೀರು ಆರುವಾಗ ಉಪ್ಪು ಮುದ್ದೆಗೆ ಸೇರುವುದು.

ತಂತಿಯ ಕುಂಚ, ಉಳಿ, ಮರಳಿನ ಬಿರುಸಾದ ಎರಚು, ಇವು ಮೈಯನ್ನೇ ಕೆತ್ತಿಹಾಕುವುವು. ಆಮ್ಲವು ಸಂದಿಯ ಗಾರೆಯನ್ನು ತಿನ್ನುವುದಲ್ಲದೆ ಕಲ್ಲಿನೊಳಗಿನ ಕಬ್ಬಿಣದ ಅಂಶದಿಂದ ತುಕ್ಕಿನ ಕಲೆಯನ್ನೂ ಎಬ್ಬಿಸೀತು. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅಪ್ಪಣೆಯಿಲ್ಲದೆ ಯಾವ ಕಾರ್ಯವೂ ಸಲ್ಲದು.

ದೀಪದ ಎಣ್ಣೆಜಿಡ್ಡು ಗೋಡೆಗೆ ಹತ್ತದಂತೆಯೂ, ಮಳೆನೀರು ತಳಹದಿಯಲ್ಲಿ ನಿಲ್ಲದಂತೆಯೂ, ಸಂದಿಯಲ್ಲಿ ಆಲ ಅರಳಿಗಳು ಬೇರೂರದಂತೆಯೂ ನೋಡಿಕೊಳ್ಳುವುದು ಪ್ರತಿಯೊಬ್ಬ ಭಕ್ತನಿಗೂ ಸಾಧ್ಯವಾದ ಸೇವೆ. ಕಾಲವು ಕಲ್ಲಿಗೆ ಕೊಟ್ಟ ಮಾಸಲು ಬಣ್ಣವು ಕೊಳೆಯಲ್ಲ. ಕಲ್ಲು ಹೊಸದರಂತೆ ಹೊಳೆಯಬೇಕಾಗಿಲ್ಲ. ಅದರ ಮಾತು ಮುಂದಿನವರಿಗೂ ಕೇಳಿಸಿದರೆ ಸಾಕು.