ಹಲಗೆಯೂ ಕೀಲಿಮಣೆಯೂ: ಗಣಿತ ತಂತ್ರಾಂಶದ ಎರಡು ಆವಾಸಗಳು

ಎಂಜಿನಿಯರಿಂಗ್ ಕಾಲೇಜಿಗೆ ಮಕ್ಕಳನ್ನು ಸೇರಿಸಿದ ತಂದೆತಾಯಂದಿರ ಮುಂದೆ ಮೊದಲ ವರ್ಷದಲ್ಲಿಯೇ ಬಂದು ನಿಲ್ಲುವ ಪ್ರಶ್ನೆಗಳಲ್ಲಿ, ಮ್ಯಾಟ್‌ಲ್ಯಾಬ್, ಮ್ಯಾಥಮ್ಯಾಟಿಕಾ ಮೊದಲಾದ ಗಣಿತ ತಂತ್ರಾಂಶಗಳಿಗೆ ಟ್ಯಾಬ್ಲೆಟ್ ಸಾಕೆ, ಲ್ಯಾಪ್‌ಟಾಪೇ ಬೇಕೆ ಎಂಬುದೂ ಒಂದು. ಅಂಗಡಿಯವನು ಕೊಡುವ ಉತ್ತರ ಶಕ್ತಿ, ತೂಕ, ಬೆಲೆಗಳ ಲೆಕ್ಕಾಚಾರದ್ದು. ಆದರೆ ಈ ಎರಡು ಯಂತ್ರಗಳ ವಂಶಚರಿತ್ರೆಯನ್ನು ಕೊಂಚ ಹಿಂದಕ್ಕೆ ಸರಿದು ಪರಿಶೀಲಿಸಿದವರಿಗೆ, ಇವುಗಳ ನಡುವಣ ಭೇದ ಮುಖ್ಯವಾಗಿ ಆಕಾರಕ್ಕೂ ಬಲಕ್ಕೂ ಸಂಬಂಧಪಟ್ಟುದಲ್ಲವೆಂದೂ, ಯಂತ್ರವನ್ನು ಕೊಂಡವನಿಗೆ ಅದರ ಮೇಲೆ ಎಷ್ಟರಮಟ್ಟಿನ ಅಧಿಕಾರ ದಕ್ಕಿದೆಯೆಂಬುದನ್ನು ಅದು ಅವಲಂಬಿಸಿದೆಯೆಂದೂ ಮನವರಿಕೆಯಾಗದೆ ಇರದು.

ಕಾಲಕ್ರಮವನ್ನು ನೋಡಿದರೆ ಹಿರಿತನ ಹಲಗೆಗೇ ಸಲ್ಲತಕ್ಕದ್ದು. ಅಮೆರಿಕದ ರ‍್ಯಾಂಡ್ ಸಂಸ್ಥೆಯವರು 1964ರಲ್ಲಿಯೇ ಹತ್ತಂಗುಲ ಚದರದ ಒಂದು ಹಲಗೆಯನ್ನೂ, ಅದರೊಳಗಿನ ಸೂಕ್ಷ್ಮವಾಹಕಗಳ ಜಾಲದಿಂದ ತನ್ನ ಸ್ಥಾನವನ್ನು ಅರಿತುಕೊಳ್ಳಬಲ್ಲ ಲೇಖನಿಯನ್ನೂ ನಿರ್ಮಿಸಿದ್ದರು. ಅದನ್ನಾಧರಿಸಿ ಆ ದಶಕದಲ್ಲಿಯೇ ರೂಪುಗೊಂಡ ಗ್ರೇಲ್ ಎಂಬ ವ್ಯವಸ್ಥೆಯಲ್ಲಿ, ಬಳಸುವವನು ಸೊಟ್ಟಪಟ್ಟ ಚೌಕವೊಂದನ್ನು ಎಳೆದರೆ ಯಂತ್ರವು ಅದನ್ನು ನೇರ್ಪಡಿಸಿ ತೋರಿಸುತ್ತಿತ್ತು. ಅದರೊಳಗೆ ಕೈಬರಹದಲ್ಲಿ ಮೂಡಿದ ಅಕ್ಷರಗಳನ್ನು ಅಚ್ಚಿನ ಅಕ್ಷರಗಳನ್ನಾಗಿ ಮಾರ್ಪಡಿಸುತ್ತಿತ್ತು. ಬೇಡವಾದುದರ ಮೇಲೆ ಗೀಚಿದರೆ ಅಳಿಸಿಹಾಕುತ್ತಿತ್ತು. ಹೀಗೆ ಚೌಕಗಳನ್ನೂ ಅವನ್ನು ಜೋಡಿಸುವ ಗೆರೆಗಳನ್ನೂ ಬರೆದು ಮುಗಿಸಿದಾಗ, ಆ ಚಿತ್ರವೇ ನಡೆಸಬಹುದಾದ ಪ್ರೋಗ್ರಾಮ್ ಆಗಿರುತ್ತಿತ್ತು. 1968ರಲ್ಲಿ ಇದನ್ನು ಕಣ್ಣಾರೆ ಕಂಡ ಆಲನ್ ಕೇ ಎಂಬ ತರುಣ ವಿಜ್ಞಾನಿ, ಮುಂದೆ 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಡೈನಾಬುಕ್ ಎಂಬ ಯಂತ್ರವೊಂದನ್ನು ಕಲ್ಪಿಸಿದನು: ಪುಸ್ತಕದಷ್ಟು ಗಾತ್ರ, ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕ, ಮೇಲುಭಾಗದಲ್ಲಿ ಪರದೆ, ಕೆಳಗೆ ಕೀಲಿಮಣೆ. ಇಂದಿನ ಟ್ಯಾಬ್ಲೆಟ್ಟೂ ಲ್ಯಾಪ್‌ಟಾಪೂ ಈ ಕಲ್ಪನೆಯನ್ನು ತಮ್ಮ ಪೂರ್ವಜನೆಂದು ಹೇಳಿಕೊಳ್ಳುವುದುಂಟು. ಆದರೆ ಕೇಯ ಆಶಯದ ತಿರುಳು ಆಕಾರದಲ್ಲಿರಲಿಲ್ಲ. ಮಗುವೊಂದು ಅದರ ಮೇಲೆ ತನ್ನ ಪ್ರೋಗ್ರಾಮನ್ನು ತಾನೇ ಬರೆದು, ತಾನೇ ನಡೆಸಿ, ಬೇಕಾದಂತೆ ತಿದ್ದಿಕೊಳ್ಳಬೇಕೆಂಬುದು ಅವನ ಮೂಲಪ್ರತಿಜ್ಞೆಯಾಗಿದ್ದಿತು.

ಗಣಿತ ತಂತ್ರಾಂಶ ಜನ್ಮತಳೆದುದಾದರೋ ಈ ಲೇಖನಿಯ ಲೋಕದಲ್ಲಲ್ಲ, ಅಕ್ಷರಗಳನ್ನು ಸಾಲುಸಾಲಾಗಿ ಕುಟ್ಟುವ ಟರ್ಮಿನಲ್ಲಿನ ಮುಂದೆ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಅಧ್ಯಾಪಕ ಕ್ಲೀವ್ ಮೋಲರ್, ಲಿನ್‌ಪ್ಯಾಕ್, ಐಸ್‌ಪ್ಯಾಕ್ ಎಂಬ ಗಣಿತ ಸಂಗ್ರಹಗಳನ್ನು ತನ್ನ ವಿದ್ಯಾರ್ಥಿಗಳು ಫೋರ್‌ಟ್ರಾನ್ ಬರೆಯುವ ಕಷ್ಟವಿಲ್ಲದೆ ಉಪಯೋಗಿಸಿಕೊಳ್ಳಲೆಂದು, 1970ರ ದಶಕದ ಕೊನೆಯ ಭಾಗದಲ್ಲಿ ಮ್ಯಾಟ್‌ಲ್ಯಾಬನ್ನು ರಚಿಸಿದನು. ಮಾತೃಕೆಯೊಂದನ್ನುಳಿದು ಬೇರೆ ಬಗೆಯ ದತ್ತವನ್ನೇ ಅರಿಯದ, ಎಲ್ಲ ಸೇರಿ 71 ಪದಗಳ ಪುಟ್ಟ ಭಾಷೆ ಅದು. ಸಮೀಕರಣಗಳ ಒಂದು ಸಮೂಹವನ್ನು ಬಿಡಿಸಬೇಕಾದರೆ ಮಾತೃಕೆಯ ಹೆಸರನ್ನೂ, ಒಂದು ಓರೆಗೀಟನ್ನೂ, ಬಲಪಕ್ಕದ ಸದಿಶದ ಹೆಸರನ್ನೂ ಒತ್ತಿದರಾಯಿತು. ಉತ್ತರ ಕೆಳಸಾಲಿನಲ್ಲಿ ಮೂಡುತ್ತಿತ್ತು. 1984ರಲ್ಲಿ ಜ್ಯಾಕ್ ಲಿಟ್ಲ್ ಮೊದಲಾದವರೊಡನೆ ಮ್ಯಾಥ್‌ವರ್ಕ್ಸ್ ಸ್ಥಾಪಿತವಾಗಿ, ಈ ಭಾಷೆ ಐಬಿಎಂ ಪಿಸಿಗೆ ಇಳಿಯಿತು. ದಶಮಾಂಶ ಗಣನೆಯ ಭಾರವನ್ನು ಇಂಟೆಲ್ಲಿನ 8087 ಎಂಬ ಸಹಾಯಕ ಚಿಪ್ ಹೊತ್ತಿತು. ಬೆರಳಿನಿಂದ ಒತ್ತಿದ ಸಾಲೇ ಆಜ್ಞೆ, ಸಾಲುಗಳ ಕಡತವೇ ಪ್ರೋಗ್ರಾಮ್ ಎಂಬ ಸಂಪ್ರದಾಯ ಹೀಗೆ ಬೇರೂರಿತು.

ಎರಡು ರೂಪಗಳ ಕವಲು ಎಲ್ಲಿ ಒಡೆಯಿತೆಂಬುದನ್ನು ತಿಳಿಯಲು ಗ್ರಿಡ್ ಸಿಸ್ಟಮ್ಸ್ ಎಂಬ ಒಂದೇ ಸಂಸ್ಥೆಯ ಕಥೆ ಸಾಕು. ಬಿಲ್ ಮಾಗ್ರಿಡ್ಜ್ ವಿನ್ಯಾಸಗೊಳಿಸಿದ ಇದರ ಕಂಪಾಸ್ ಯಂತ್ರ 1982ರಲ್ಲಿ ಹೊರಬಂದಿತು. ಮೆಗ್ನೀಸಿಯಮ್ಮಿನ ಕವಚ, ಕೀಲುಗಳ ಮೇಲೆ ಮಡಚಿ ಕೀಲಿಮಣೆಯನ್ನು ಮುಚ್ಚುವ ಪರದೆ, ಸುಮಾರು ಐದು ಕಿಲೋಗ್ರಾಂ ತೂಕ, 8,150 ಡಾಲರ್ ಬೆಲೆ. ಲ್ಯಾಪ್‌ಟಾಪಿನ ಆಕೃತಿ ಇಂದಿಗೂ ಅದೇ. ಅದರಲ್ಲಿಯೂ ಅದೇ 8087 ಚಿಪ್ ಇದ್ದಿತು. 1983ರಲ್ಲಿ ಅಂತರಿಕ್ಷ ನೌಕೆಯನ್ನೇರಿದ ಈ ಯಂತ್ರ, ನೌಕೆ ಭೂಮಿಯ ಯಾವ ಭಾಗದ ಮೇಲೆ ಸಾಗುತ್ತಿದೆಯೆಂಬುದನ್ನು ಗಣಿಸಿ ಭೂಪಟದ ಮೇಲೆ ತೋರಿಸುವ ಕಾರ್ಯದಲ್ಲಿ ಗಗನಯಾತ್ರಿಗಳಿಗೆ ನೆರವಾಯಿತು. ಅದೇ ಸಂಸ್ಥೆ 1989ರಲ್ಲಿ ಜೆಫ್ ಹಾಕಿನ್ಸ್‌ನ ಮುಂದಾಳುತನದಲ್ಲಿ ಗ್ರಿಡ್‌ಪ್ಯಾಡನ್ನು ಹೊರತಂದಿತು: ಕೀಲಿಮಣೆಯಿಲ್ಲ, ಲೇಖನಿಯುಂಟು. ಅದನ್ನು ಕೊಂಡವರು ಬಹುಪಾಲು ಕಾರ್ಯಕ್ಷೇತ್ರದಲ್ಲಿ ನಿಂತು ಫಾರಂ ತುಂಬಬೇಕಾದವರು. ಮಡಚುವ ಯಂತ್ರಕ್ಕೆ ಗಣನೆಯೂ, ಹಲಗೆಗೆ ಮಾಹಿತಿಸಂಗ್ರಹವೂ ಹೀಗೆ ವೃತ್ತಿಗಳಾಗಿ ಹಂಚಿಕೆಯಾದುವು.

ಈ ಹಂಚಿಕೆಯನ್ನು ಒಪ್ಪದ ಪ್ರಯತ್ನವೊಂದು ಬೆಂಗಳೂರಿನಲ್ಲಿಯೂ ನಡೆದುದನ್ನು ಇಲ್ಲಿ ಸ್ಮರಿಸತಕ್ಕದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರರೂ ಕೂಡಿ 2001ರಲ್ಲಿ ಲೋಕದ ಮುಂದಿಟ್ಟ ಸಿಂಪ್ಯೂಟರ್, ಅಂಗೈಯಗಲದ ಲೇಖನಿಯ ಯಂತ್ರವಾಗಿದ್ದರೂ, ಮುಕ್ತ ತಂತ್ರಾಂಶವಾದ ಲಿನಕ್ಸಿನ ಮೇಲೆ ನಡೆಯುತ್ತಿತ್ತು; ಕನ್ನಡವೂ ಸೇರಿದಂತೆ ದೇಶಭಾಷೆಗಳ ಬರಹವನ್ನು ಓದಿ ಹೇಳುವ ಸಾಮರ್ಥ್ಯ ಅದಕ್ಕಿದ್ದಿತು. ವ್ಯಾಪಾರದಲ್ಲಿ ಅದು ನೆಲೆಗೊಳ್ಳಲಿಲ್ಲವಾದರೂ, ಹಲಗೆ ತೆರೆದ ಯಂತ್ರವಾಗಿರಬಲ್ಲುದೆಂಬುದಕ್ಕೆ ನಿದರ್ಶನವಾಗಿ ಉಳಿಯಿತು.

ಆ ಬಾಗಿಲು ಮುಚ್ಚಿದುದು 2010ರಲ್ಲಿ. ಐಪ್ಯಾಡ್ ಮಾರುಕಟ್ಟೆಗೆ ಬಂದ ಏಪ್ರಿಲ್ ತಿಂಗಳಿನಲ್ಲಿಯೇ, ಮಕ್ಕಳು ಸ್ಕ್ರ್ಯಾಚ್ ಭಾಷೆಯಲ್ಲಿ ರಚಿಸಿದ ಪ್ರೋಗ್ರಾಮುಗಳನ್ನು ಐಫೋನಿನ ಮೇಲೆ ನಡೆಸಿ ತೋರಿಸುತ್ತಿದ್ದ ಆ್ಯಪ್ ಒಂದನ್ನು ಆ್ಯಪಲ್ ತನ್ನ ಅಂಗಡಿಯಿಂದ ತೆಗೆದುಹಾಕಿತು. ಹೊರಗಿನಿಂದ ತಂದ ಪ್ರೋಗ್ರಾಮನ್ನು ಸಾಲುಸಾಲಾಗಿ ಅರ್ಥೈಸಿ ನಡೆಸುವ ಆ್ಯಪುಗಳನ್ನು ಅಂದಿನ ನಿಯಮ ನಿಷೇಧಿಸಿದ್ದಿತು. ಮ್ಯಾಟ್‌ಲ್ಯಾಬಿನ ಕಾಯಕವೇ ಇಂತಹ ಅರ್ಥೈಸುವಿಕೆ ಎಂಬುದನ್ನು ನೆನೆದರೆ, ಪೆಟ್ಟು ಎಲ್ಲಿಯವರೆಗೆ ತಾಗಿತೆಂಬುದು ಸ್ಪಷ್ಟವಾದೀತು. ನಿಯಮ ಮುಂದೆ ಕ್ರಮೇಣ ಸಡಿಲಗೊಂಡರೂ, ಆ ವರ್ಷವೇ ಬಂದ ಮ್ಯಾಟ್‌ಲ್ಯಾಬ್ ಮೊಬೈಲ್ ಆಜ್ಞೆಗಳನ್ನು ದೂರದ ಗಣಕಕ್ಕೆ ಕಳುಹಿಸಿ ಫಲವನ್ನು ತರಿಸಿಕೊಳ್ಳುವ ಕಿಟಕಿಯಾಗಿಯೇ ಉಳಿಯಿತು. ಇನ್ನೊಬ್ಬರ ಒಲೆಯಲ್ಲಿ ಬೆಂದ ಅನ್ನವನ್ನು ನಮ್ಮ ಎಲೆಗೆ ಬಡಿಸಿಕೊಂಡಂತೆ, ದಾರಿ ಕಡಿದಾಗ ಎಲೆ ಬರಿದು. ಮೈಕ್ರೋಸಾಫ್ಟಿನವರು 2012ರ ಕೊನೆಗೂ 2013ರ ಆರಂಭಕ್ಕೂ ನಡುವೆ ಹೊರತಂದ ಎರಡು ಸರ್ಫೇಸ್ ಹಲಗೆಗಳು ಈ ವಾದಕ್ಕೆ ಪರೀಕ್ಷಾರ್ಥವಾಗಿಯೇ ಮಾಡಿದಂತಿದ್ದುವು. ನೋಟಕ್ಕೆ ಅವು ಸಹೋದರರು. ಆದರೆ ಆರ್‌ಟಿ ಎಂಬುದು ಅಂಗಡಿಯ ಆ್ಯಪುಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿದ್ದಿತು, ಪ್ರೋ ಎಂಬುದು ಪೂರ್ಣ ವಿಂಡೋಸನ್ನೂ ಅದರೊಡನೆ ಲ್ಯಾಪ್‌ಟಾಪಿನ ತಂತ್ರಾಂಶಗಳನ್ನೂ ನಡೆಸುತ್ತಿದ್ದಿತು. 2021ರಲ್ಲಿ ಐಪ್ಯಾಡ್ ಪ್ರೋ ಯಂತ್ರಕ್ಕೆ ಆ್ಯಪಲ್ಲಿನ ಲ್ಯಾಪ್‌ಟಾಪುಗಳ ಎಂ1 ಚಿಪ್ಪನ್ನೇ ಅಳವಡಿಸಿದ ಮೇಲಂತೂ, ಬಲದ ಕೊರತೆಯೆಂಬ ಸಮಾಧಾನಕ್ಕೆ ಆಧಾರ ಉಳಿಯಲಿಲ್ಲ.

ಹಲಗೆಯ ಪಕ್ಷದಲ್ಲಿ ಹೇಳತಕ್ಕ ಮಾತೂ ಇಲ್ಲದಿಲ್ಲ. ಮುಚ್ಚಿದ ಅಂಗಡಿ ದುಷ್ಟ ತಂತ್ರಾಂಶದಿಂದ ಸಾಮಾನ್ಯನನ್ನು ಬಹಳಮಟ್ಟಿಗೆ ಕಾಪಾಡಿದೆ. ಕೀಲಿಮಣೆಯ ಮೇಲೆ ವರ್ಗಮೂಲವನ್ನೋ ಅನುಕಲನವನ್ನೋ ಸಾಲಾಗಿ ಕುಟ್ಟುವ ಕ್ಲೇಶ, ಕೈಯಿಂದ ಬರೆಯುವವನಿಗಿಲ್ಲ. 2009ರ ವಿಂಡೋಸ್ 7ರಲ್ಲಿದ್ದ ಸಾಧನವೊಂದು ಕೈಬರಹದ ಸೂತ್ರಗಳನ್ನು ಗುರುತಿಸುತ್ತಿದ್ದಿತು. 2024ರಿಂದೀಚೆಗೆ ಐಪ್ಯಾಡಿನ ಮೇಲೆ ಲೆಕ್ಕವನ್ನು ಬರೆದು ಸಮಚಿಹ್ನೆಯನ್ನಿಟ್ಟರೆ, ಬರೆದವನ ಕೈಬರಹವನ್ನೇ ಅನುಕರಿಸಿ ಉತ್ತರ ಮೂಡುತ್ತದೆ. ಗ್ರೇಲ್ ತೋರಿಸಿದ ದಾರಿಗೆ ಅರ್ಧಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಲೋಕ ಮರಳಿದೆ. ಆದರೆ ಗ್ರೇಲಿನಲ್ಲಿ ಬರೆದುದು ಪ್ರೋಗ್ರಾಮಾಗುತ್ತಿತ್ತು, ಇಲ್ಲಿ ಬರೆದುದು ಉತ್ತರವನ್ನು ಪಡೆಯುವಲ್ಲಿಗೆ ಬಹುಮಟ್ಟಿಗೆ ನಿಲ್ಲುತ್ತದೆ.

ಆದುದರಿಂದ, ಇಂದು ಗಂಭೀರವಾದ ಗಣನಕಾರ್ಯಕ್ಕೆ ಕೈಹಾಕುವವರು ಲ್ಯಾಪ್‌ಟಾಪನ್ನೇ ಆರಿಸಿಕೊಳ್ಳುತ್ತಿದ್ದರೆ, ಅವರು ಕೀಲಿಮಣೆಯನ್ನಷ್ಟೇ ಆರಿಸಿಕೊಂಡವರಲ್ಲ. ತಾನು ಬರೆದುದನ್ನು ಯಾರ ಅಪ್ಪಣೆಗೂ ಕಾಯದೆ ನಡೆಸುವ, ಕೆಡಿಸಿ ಕಟ್ಟುವ, ಕಡತವಾಗಿ ಮತ್ತೊಬ್ಬನಿಗೆ ಒಪ್ಪಿಸುವ ಹಕ್ಕನ್ನು ಆ ಮಡಚುವ ಪೆಟ್ಟಿಗೆ ಇನ್ನೂ ಉಳಿಸಿಕೊಂಡಿದೆ. ಕೇ ಕೇಳಿದ್ದ ತೂಕವನ್ನೂ ಪರದೆಯನ್ನೂ ತಯಾರಕರು ಒದಗಿಸಿ ಬಹಳ ಕಾಲವಾಯಿತು. ಮಗುವಿಗೆಂದು ಅವನು ಕೇಳಿದ್ದ ಸ್ವಾತಂತ್ರ್ಯವನ್ನು ಹಲಗೆಯ ಮೇಲೆ ಕೊಡುವುದೂ ಬಿಡುವುದೂ ಈಗ ಎಂಜಿನಿಯರರ ಕೈಯಲ್ಲಿಲ್ಲ, ಅಂಗಡಿಯ ನಿಯಮಗಳನ್ನು ಬರೆಯುವವರ ಕೈಯಲ್ಲಿದೆ.